ಹಂಪವ್ವನ ಡಾಬು ನುಡಿದ ಸೋಮವಾರ

ಮೂತ್ರಪಿಂಡಕ್ಕೆ ದನಿ ಬಂದ ಕಾಲದ ಕತೆ ಇದು.

ಅದಕ್ಕೂ ಮೊದಲು ಒಡಲೊಳಗೆ ಉಳಿದ ಎಲ್ಲರಿಗೂ ದನಿಯಿತ್ತು. ಎದೆ ಬಡಿದುಕೊಳ್ಳುತ್ತಿತ್ತು. ಹೊಟ್ಟೆ ಗುರುಗುಟ್ಟುತ್ತಿತ್ತು. ಮೂಳೆ ಕೂಡ ಮುದಿಯಾದ ಮೇಲೆ ಕಟಕಟ ಎಂದು ತನ್ನ ಇರವು ಹೇಳಿಕೊಳ್ಳುತ್ತಿತ್ತು. ಬೆನ್ನಿನ ಕಡೆ, ಪಕ್ಕೆಲುಬಿನ ನೆರಳಲ್ಲಿ ಕೂತ ಆ ಅವಳಿಗಳು ಮಾತ್ರ ಹುಟ್ಟಿನಿಂದ ಸಾವಿನ ತನಕ ತುಟಿ ಪಿಟ್ಟೆನ್ನದೆ ನೆತ್ತರು ಸೋಸಿಕೊಂಡಿರುತ್ತಿದ್ದವು. ಎಲ್ಲರಿಗೂ ಬಡಿಸಿ, ತಾನು ಉಂಡೆನೋ ಇಲ್ಲವೋ ಹೇಳದ ಹಿರಿಸೊಸೆಯ ಹಾಗೆ. ಅವು ಸೋತದ್ದು ಗೊತ್ತಾಗುತ್ತಿದ್ದುದು ಪೂರ್ತಿ ಸೋತ ಮೇಲೆ: ಕಾಲು ಬಾತಾಗ, ಮುಖ ಊದಿದಾಗ, ಬಾಯಿಗೆ ಅನ್ನ ಸೇರದಾದಾಗ.

ಹಾಗಿರುವಾಗ ಯಾರಿಗೋ ಅನ್ನಿಸಿತು, ಇವಕ್ಕೂ ಒಂದು ದನಿ ಕೊಟ್ಟರೆ?

ದಾರಿ ಹೊಸದಲ್ಲ. ನಮ್ಮ ಕಿವಿಗೆ ನಿಲುಕದ ದನಿಯನ್ನು ಮೈಯೊಳಗೆ ಬಿಟ್ಟು, ಅದು ಮಾಂಸಕ್ಕೆ ತಾಗಿ ತಿರುಗಿ ಬರುವುದನ್ನು ಹಿಡಿದು, ಪರದೆಯ ಮೇಲೆ ಕಪ್ಪು ಬಿಳುಪು ಚಿತ್ರ ಮಾಡುವ ಸ್ಕ್ಯಾನಿಂಗ್ ಯಂತ್ರ ಅಜ್ಜಂದಿರ ಕಾಲದಿಂದ ಇತ್ತು. ಆದರೆ ಆ ಚಿತ್ರ ಓದಲು ಓದಿದವರೇ ಬೇಕು. ಕೇಳುವುದಕ್ಕೆ ಕಿವಿಯಿದ್ದರೆ ಸಾಕು. ಹಾಗಾಗಿ ಮರಳಿ ಬಂದ ದನಿಯನ್ನು ಚಿತ್ರ ಮಾಡದೆ, ಕಿವಿಗೆ ಕೇಳುವಷ್ಟು ಕೆಳಗಿಳಿಸಿ, ದನಿಯಾಗಿಯೇ ನುಡಿಸುವ ಒಂದು ಪಟ್ಟಿ ಮಾಡಿದರು. ಬೆಣಚುಕಲ್ಲಿನ ಜಾತಿಯ ಹರಳುಗಳನ್ನು ಸಾಲಾಗಿ ಕೂರಿಸಿ, ನಡುವಿಗೆ ಸುತ್ತಿಕೊಳ್ಳುವ ಪಟ್ಟಿ. ಸರಕಾರದ ಕಾಗದದಲ್ಲಿ ಅದರ ಹೆಸರು ನಾದಪಟ್ಟಿ. ಹೆಂಗಸರು ನೋಡಿದವರೇ ಅದನ್ನು ಡಾಬು ಎಂದರು. ಮದುವೆಯಲ್ಲಿ ನಡುವಿಗೆ ಕಟ್ಟುವ ಬಂಗಾರದ ಡಾಬಿಗಿಂತ ಇದು ಮೇಲು, ಇದು ಒಳಗಿನ ಬಂಗಾರ ತೋರಿಸುತ್ತದೆ ಎಂಬುದು ಅವರ ಮಾತು.

ಒಳ್ಳೆಯ ಮೂತ್ರಪಿಂಡ ಜೋಡಿದನಿಯಲ್ಲಿ ನುಡಿಯುತ್ತದೆ. ಹೊರಪದರಕ್ಕೆ ಒಂದು ದನಿ. ಒಳಗೆ ಪುಟ್ಟ ಗೋಪುರಗಳಂತೆ ನಿಂತ ಭಾಗಕ್ಕೆ ಅದಕ್ಕಿಂತ ತಗ್ಗಿನ ಇನ್ನೊಂದು ದನಿ. ಎರಡರ ಅಡಿಯಲ್ಲಿ ನೆತ್ತರು ಹರಿಯುವ ಝುಳುಝುಳು. ಸೋಸುವ ಮಾಂಸ ಕೆಡುತ್ತ ಬಂದರೆ ಒಳಗು ಹೊರಗು ಎಂಬ ಭೇದ ಅಳಿಯುತ್ತದೆ, ಎರಡು ದನಿಯೂ ಕೂಡಿಕೊಂಡು ಒಂಟಿದನಿ ಉಳಿಯುತ್ತದೆ. ಗಡ್ಡೆ ಬೆಳೆದಿದ್ದರೆ ಯಾವುದಕ್ಕೂ ಹೊಂದದ ಪರದನಿ ಕೇಳುತ್ತದೆ. ಇಷ್ಟನ್ನು ಜನ ಶಾಲೆಗೆ ಹೋಗದೆ ಕಲಿತರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕೈ ತೊಳೆದು, "ಹಂಗ ಒಮ್ಮೆ ಹುಡುಗಿ ಡಾಬು ಕೇಳಸ್ರಿ" ಎನ್ನುವುದು ಬಂತು. "ಮೊದಲ ನಿಮ್ಮ ಹುಡುಗಂದು ಕೇಳಸ್ರಿ, ಅಂವ ಕುಡಿಯೂದು ನೀರಷ್ಟ ಅಲ್ಲಂತಲ್ಲ" ಎಂದು ಹೆಣ್ಣಿನವರು ತಿರುಗಿ ಹೇಳುವುದೂ ಬಂತು.

ಈ ಡಾಬಿನಲ್ಲಿ ಬೆಣಚುಮಟ್ಟಿಯ ಪಾಲೂ ಇದೆ. ಆ ಊರಿನವರು ಯಾರೇ ಸಿಗಲಿ, ಹೆಸರಿಗೆ ಮುಂಚೆ ಅದನ್ನು ಹೇಳುತ್ತಾರೆ.

ಬೆಣಚುಮಟ್ಟಿ ಕುಪ್ಪಸದ ಖಣ ನೇಯುವ ಊರು. ಹರಳಿನಿಂದ ಹೊರಟ ದನಿ ಗಾಳಿಯನ್ನು ದಾಟಲಾರದು. ಹರಳಿಗೂ ಚರ್ಮಕ್ಕೂ ನಡುವೆ ಎಳ್ಳಷ್ಟು ಗಾಳಿ ಸಿಕ್ಕಿಕೊಂಡರೂ ಡಾಬು ಮೂಕ. ಲೋಳೆಸರದ ಅಂಟನ್ನು ಹೀರಿಕೊಂಡು, ಮೈಗೆ ಒತ್ತಿ ಕೂತು, ಎಷ್ಟು ಒಗೆದರೂ ಸಡಿಲಾಗದ ಬಟ್ಟೆ ಅದಕ್ಕೆ ಬೇಕಿತ್ತು. ದೊಡ್ಡ ಗಿರಣಿಗಳ ಬಟ್ಟೆಯೆಲ್ಲ ಸೋತ ಮೇಲೆ ಬೆಣಚುಮಟ್ಟಿಯ ಮಗ್ಗದ ನೇಯ್ಗೆ ಗೆದ್ದಿತು. ಆ ಮೊದಲ ಪಟ್ಟಿಗಳನ್ನು ನೇಯ್ದವರಲ್ಲಿ ಹಂಪವ್ವ ಒಬ್ಬಳು. ಐವತ್ತು ದಾಟಿದ, ಉದ್ದನೆಯ, ಹಣೆತುಂಬ ವಿಭೂತಿಯ ಹೆಂಗಸು. ತಾನು ನೇಯ್ದ ಪಟ್ಟಿಯ ಅಂಚಿನಲ್ಲಿ ಒಂದು ಸಣ್ಣ ಬಿಲ್ವದೆಲೆ ಮೂಡಿಸುವುದು ಅವಳ ರೂಢಿ. "ಕೂಲಿ ಅವರದು, ಎಲಿ ಮಲ್ಲಯ್ಯಂದು" ಎನ್ನುವಳು. ಮಲ್ಲಯ್ಯ ಅವಳ ಮನೆಯ ದೇವರ ಜಗಲಿಯ ಮೇಲಿನ ಲಿಂಗ.

ಹಂಪವ್ವನ ಮಗ ಈರಣ್ಣ ನೂಲಿಗೆ ಬಣ್ಣ ಹಾಕುವವನು. ಅವನ ಹೆಂಡತಿ ಕಸ್ತೂರಿ. ಅತ್ತೆಯ ಪಕ್ಕದ ಮಗ್ಗದಲ್ಲಿ ಕೂತು, ಅತ್ತೆಯ ಮಾತಿಗೆ ಸಮನಾಗಿ ಮಾತು ನೇಯಬಲ್ಲ ಹುಡುಗಿ. ಆ ಕಸ್ತೂರಿಯ ಡಾಬು ಒಂದು ವರ್ಷದಿಂದ ಒಂಟಿದನಿ ನುಡಿಯುತ್ತಿತ್ತು. ಕಾರಣ ಇಂಥದೇ ಎಂದು ವೈದ್ಯರಿಗೂ ಹೇಳಲಾಗಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮೂವರೂ ಕೂತು ಕೇಳುವರು. ಒಂದೇ ದನಿ, ಏರಿಲ್ಲದೆ ಇಳಿವಿಲ್ಲದೆ, ತಗಡಿನ ಮೇಲೆ ಬೆರಳು ಎಳೆದಂತೆ. ಕೇಳಿದ ಮೇಲೆ ಈರಣ್ಣ ಎದ್ದು ಬಣ್ಣದ ಹಂಡೆಯ ಕಡೆ ಹೋಗುವನು.

ಜಿಲ್ಲಾ ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯಿತು. ಸೂಜಿ ಚುಚ್ಚುವ ಎಡಗೈಯ ನಾಳ ಮುಚ್ಚಿಹೋಗಿ ಬಲಗೈಗೆ ಮಾಡಿದರು. ಅದೂ ಮುಚ್ಚುತ್ತ ಬಂದಿತು. ಇನ್ನು ಬೇರೆಯವರ ಮೂತ್ರಪಿಂಡ ಕಸಿ ಮಾಡುವುದೊಂದೇ ದಾರಿ, ಅದೂ ಬೇಗ ಆಗಬೇಕು ಎಂದರು ಡಾಕ್ಟರ್ ರೋಹಿಣಿ ಕಟಗೇರಿ. ಈರಣ್ಣನ ರಕ್ತದ ಗುಂಪು ಕೂಡಲಿಲ್ಲ. ಕಸ್ತೂರಿಯ ತಾಯಿ ಇರಲಿಲ್ಲ, ತಂದೆಗೆ ಸಕ್ಕರೆ ಕಾಯಿಲೆ. ಕೂಡಿದ್ದು ಹಂಪವ್ವನದು.

"ನಂದ ತಗೋರಿ," ಎಂದಳು ಹಂಪವ್ವ, ಜೋಳ ಎರವಲು ಕೊಡುವವಳ ಹಾಗೆ.

"ಬ್ಯಾಡ್ರೀ ಅತ್ತಿ," ಎಂದಳು ಕಸ್ತೂರಿ. "ನಾಳೆ ಪಲ್ಯಾಕ ಉಪ್ಪು ಹೆಚ್ಚಾದ್ರ ನನ್ನ ಕಿಡ್ನಿ ತಿರುಗಿ ಕೊಡು ಅಂತೀರಿ."

"ಅಂತೀನಿ ಮತ್ತ. ಅದಕ್ಕ ಉಪ್ಪು ಕಡಿಮಿ ಹಾಕಾಕ ಕಲಿ."

ಅವತ್ತೇ ಸಂಜೆ ಹಂಪವ್ವ ಜಗಲಿಯ ಮುಂದೆ ಸೆರಗೊಡ್ಡಿ ನಿಂತಳು. ಸೊಸೆಯ ಡಾಬು ಜೋಡಿದನಿ ನುಡಿಯುವವರೆಗೆ ಸೋಮವಾರಕ್ಕೆ ಸೋಮವಾರ ಅನ್ನವಿರಲಿ, ಹನಿ ನೀರನ್ನೂ ಮುಟ್ಟುವುದಿಲ್ಲ ಎಂದು ಮಲ್ಲಯ್ಯನಿಗೆ ಮಾತು ಕೊಟ್ಟಳು. ದೇವರಿಗೆ ಹೇಳಿದ್ದನ್ನು ಡಾಕ್ಟರಿಗೆ ಹೇಳಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಯಾರಿಗೆ ತಾನೇ ಅನ್ನಿಸುತ್ತದೆ?

*

ಆಸ್ಪತ್ರೆಯ ಹಿಂಭಾಗದಲ್ಲಿ ಕೇಳುಮನೆ ಇತ್ತು. ಗೋಡೆಗಳಿಗೆಲ್ಲ ಹತ್ತಿಯ ದಪ್ಪ ಮೆತ್ತೆ ಹೊದಿಸಿದ ದುಂಡನೆಯ ಕೋಣೆ. ಒಳಗೆ ಹೋದರೆ ತನ್ನ ಉಸಿರೇ ತನಗೆ ದೊಡ್ಡದಾಗಿ ಕೇಳುತ್ತದೆ. ಅಲ್ಲಿನ ದೊಡ್ಡ ಡಾಬು ಮನೆಯ ಡಾಬಿಗಿಂತ ನೂರು ಪಾಲು ಸೂಕ್ಷ್ಮ. ಕೇಳಿದ್ದನ್ನು ಯಂತ್ರವೂ ತೂಗಿ ನೋಡಿ ಹಸಿರು ದೀಪವನ್ನೋ ಕೆಂಪು ದೀಪವನ್ನೋ ಹಚ್ಚುತ್ತದೆ. ಅದನ್ನು ನಡೆಸುವವರು ಮೌಲಾಸಾಬ ನದಾಫ. ಅವರ ಅಜ್ಜ ಊರೂರು ತಿರುಗಿ ಬಿಲ್ಲಿನ ನಾರಿ ಮೀಟಿ ಹತ್ತಿ ಹಿಂಜಿದವರು. ಗೋಡೆಯ ಮೆತ್ತೆಯನ್ನು ಮೌಲಾಸಾಬರು ತಾವೇ ನಿಂತು ತುಂಬಿಸಿದ್ದರು.

ಮೂತ್ರಪಿಂಡ ಕೊಡುವವರನ್ನು ಕೇಳುವ ದಿನ ಸೋಮವಾರ. ಬೇರೆ ಬೇರೆ ಊರಿನ ಹಿರಿಯ ವೈದ್ಯರ ಮಂಡಳಿ ಆ ದಿನವೇ ಕೂಡುತ್ತಿತ್ತು.

"ಹೊಟ್ಟಿ ಖಾಲಿ ಐತಿಲ್ಲೋ ಯವ್ವಾ?" ಎಂದರು ಮೌಲಾಸಾಬ, ಡಾಬಿಗೆ ಲೋಳೆಸರ ಸವರುತ್ತ. ತಿಂದು ಬಂದರೆ ಹೊಟ್ಟೆಯ ಗಾಳಿ ಅಡ್ಡ ಬರುತ್ತದೆ.

"ನಿನ್ನಿ ಸಂಜಿಂದ ಏನೂ ಮುಟ್ಟಿಲ್ಲಪಾ ತಮ್ಮಾ."

"ಶಹಬ್ಬಾಸ್. ಎಲ್ಲಾರೂ ನಿಮ್ಹಂಗ ಬಂದ್ರ ನಮಗ ಬೈಯೂ ಕೆಲಸಾನ ಇರಂಗಿಲ್ಲ."

ಹಂಪವ್ವ ಮಲಗಿದಳು. ಪಟ್ಟಿಯ ಅಂಚಿನ ಬಿಲ್ವದೆಲೆಯನ್ನು ಬೆರಳಿಂದ ಮುಟ್ಟಿ ನೋಡಿ, "ಇದು ನಂದ," ಎಂದು ಕಣ್ಣು ಮುಚ್ಚಿದಳು. ಡಾಬು ನುಡಿಯಿತು.

ಡಾಕ್ಟರ್ ರೋಹಿಣಿ ತಲೆ ಬಗ್ಗಿಸಿ ಕೇಳುತ್ತಿದ್ದವರು ಮೆಲ್ಲಗೆ ತಲೆಯೆತ್ತಿದರು. ಎರಡು ದನಿ ಇದ್ದವು, ಆದರೆ ಒಂದಕ್ಕೊಂದು ಅಂಟಿಕೊಂಡಿದ್ದವು. ಇನ್ನೊಂದಿಷ್ಟು ಸರಿದರೆ ಒಂಟಿದನಿ. ನೆತ್ತರಿನ ಝುಳುಝುಳು ಬೇಸಿಗೆಯ ಹಳ್ಳದಂತೆ ಅಲ್ಲಲ್ಲಿ ನಿಂತು ನಿಂತು ಬರುತ್ತಿತ್ತು. ಎಡಗಡೆಯ ಮೂತ್ರಪಿಂಡದ ಹೊರ ಮಗ್ಗುಲಲ್ಲಿ ಒಂದು ಉಬ್ಬು. ಅಲ್ಲಿಗೆ ಬಂದಾಗ ಡಾಬು ಮಂಕಾಗಿ, ಬಾಯಿಗೆ ಬಟ್ಟೆ ತುರುಕಿದವರ ಹಾಗೆ ಗೊಣಗಿತು. ಕೆಂಪು ದೀಪ ಹತ್ತಿತು.

ಮುಂದಿನ ಸೋಮವಾರ ಮತ್ತೆ ಕೇಳಿದರು. ಅದರ ಮುಂದಿನ ಸೋಮವಾರ ಇನ್ನೊಮ್ಮೆ. ಪ್ರತಿ ಸಲವೂ ಅದೇ. ಮೂರು ಸಲ ಒಂದೇ ಮಾತು ಹೇಳಿದ ಸಾಕ್ಷಿಯನ್ನು ಯಾರು ತಾನೇ ನಂಬುವುದಿಲ್ಲ? ಬೆಣಚುಮಟ್ಟಿಯ ಸಣ್ಣ ಆಸ್ಪತ್ರೆಯಲ್ಲಿ ಸಂತೆಯ ಬುಧವಾರ ತೆಗೆದು ಕಳಿಸಿದ ಹಂಪವ್ವನ ರಕ್ತ ಮಾತ್ರ ಕನ್ನಡಿಯ ಹಾಗೆ ಶುದ್ಧವಾಗಿತ್ತು. ಡಾಕ್ಟರ್ ರೋಹಿಣಿಯ ಮನಸ್ಸಿನಲ್ಲಿ ಅದೊಂದು ಮುಳ್ಳಾಗಿ ಉಳಿದಿತ್ತು.

"ಹಂಪವ್ವಾರ," ಎಂದರು ಅವರು, ಅತ್ತೆ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು. "ನಿಮ್ಮ ಎರಡೂ ಕಿಡ್ನಿ ಸೋಲಾಕತ್ತಿದ್ದಂಗ ಕೇಳಸ್ತದ. ಎಡಗಡೆ ಒಂದು ಗಡ್ಡಿ ಇದ್ದಂಗನೂ ಕೇಳಸ್ತದ. ಸೂಜಿ ಹಾಕಿ ಗಡ್ಡಿ ಎಂಥಾದು ಅಂತ ನೋಡಬಹುದು. ಆದ್ರ ಇಂಥಾ ಕಿಡ್ನಿನ ಇನ್ನೊಬ್ಬರಿಗೆ ಹಾಕಾಕ ಮಂಡಳಿ ಒಪ್ಪೂದಿಲ್ಲ. ಬರೂ ಸೋಮವಾರ ಅವರ ಮುಂದ ಕಡೀ ಸಲ ಕೇಳೂದು. ಆಮ್ಯಾಲ ನಿಮ್ಮ ಹೆಸರು ಬಿಡಬೇಕಾಗ್ತದ."

ಕಸ್ತೂರಿ ಅತ್ತೆಯ ಕೈ ಹಿಡಿದುಕೊಂಡಳು. ಹಂಪವ್ವ ತನ್ನ ಒಡಲಿನ ಬಗ್ಗೆ ಕೇಳಲೇ ಇಲ್ಲ. ಅವಳಿಗೆ ನಾಟಿದ್ದು ಬೇರೆ.

"ಡಾಕ್ಟರ ಬಾಯಾರ, ಆ ಪಟ್ಟಿ ನೇಯ್ದಾಕಿ ನಾನು. ನಾ ನೇಯ್ದ ಅರಿಬಿ ನನ್ನ ಮ್ಯಾಲ ಚಾಡಿ ಹೇಳತೈತೇನು?"

ಡಾಕ್ಟರ್ ರೋಹಿಣಿ ಬುಧವಾರದ ರಕ್ತದ ವರದಿಯನ್ನು ಮತ್ತೊಮ್ಮೆ ತೆಗೆದು ನೋಡಿದರು.

*

ಗುರುವಾರ ಮಧ್ಯಾಹ್ನ ಹಂಪವ್ವನ ಮಗ್ಗ ಸುಮ್ಮನಿತ್ತು. ಲಾಳಿ ಮಡಿಲಲ್ಲಿತ್ತು. ಅವಳ ಮಗ್ಗ ಹಗಲಿನಲ್ಲಿ ಸುಮ್ಮನಾದದ್ದನ್ನು ಕಸ್ತೂರಿ ಗಂಡನ ಮನೆಗೆ ಬಂದಂದಿನಿಂದ ಕಂಡಿರಲಿಲ್ಲ. ಅಂಬಲಿ ಕೊಟ್ಟಳು, ಅತ್ತೆ ಕುಡಿದಳು. ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟಳು, ಅದನ್ನೂ ಕುಡಿದು ಇನ್ನೊಂದು ಲೋಟ ಕೇಳಿದಳು.

"ಸಿಟ್ಟು ಬಂದ್ರ ನೀವು ಎಮ್ಮಿಗತೆ ಕುಡೀತೀರಿ ಅತ್ತಿ."

"ಸಿಟ್ಟಲ್ಲವ್ವಾ, ನಾಚಿಕಿ. ನಿನಗ ಕೊಡ್ತೀನಿ ಅಂತ ಓಣಿತುಂಬ ಹೇಳಿಕೊಂಡು ಬಂದೆ. ಕೊಡೂ ಹೊತ್ತಿಗೆ ಗಂಟು ಬಿಚ್ಚಿದ್ರ ಒಳಗ ಕೊಳೆತ ಕಾಯಿ." ಹಂಪವ್ವ ಲಾಳಿ ತೆಗೆದಿಟ್ಟು ಎದ್ದಳು. "ಕೊಡಿಲ್ಲಿ ನಿನ್ನ ಡಾಬು. ಆ ಹತ್ತಿ ಕೋಣ್ಯಾಗ ಬ್ಯಾಡ, ನನ್ನ ಮನ್ಯಾಗ, ಮಲ್ಲಯ್ಯನ ಮುಂದ ಏನ ಹೇಳತೈತಿ ಕೇಳೂಣು."

ಜಗಲಿಯ ಮುಂದೆ ಚಾಪೆ ಹಾಸಿ, ಹಿತ್ತಲಿನ ಲೋಳೆಸರ ಸೀಳಿ ಸವರಿ, ಕಸ್ತೂರಿ ತನ್ನ ಡಾಬನ್ನು ಅತ್ತೆಯ ನಡುವಿಗೆ ಕಟ್ಟಿದಳು.

ಮನೆ ತುಂಬಿತು. ಎರಡು ದನಿ, ಒಂದರ ಹೆಗಲ ಮೇಲೆ ಒಂದು ಕೈ ಹಾಕಿಕೊಂಡು ಹೊರಟ ಗೆಳತಿಯರ ಹಾಗೆ ಬೇರೆ ಬೇರೆಯಾಗಿ, ಜೊತೆಜೊತೆಯಾಗಿ. ಅಡಿಯಲ್ಲಿ ನೆತ್ತರಿನ ಹರಿವು ತುಂಬಿದ ಕಾಲುವೆಯಂತೆ. ಜಗಲಿಯ ಮೇಲಿನ ಹಿತ್ತಾಳೆಯ ತಟ್ಟೆ ಸಣ್ಣಗೆ ಮಿಡಿಯಿತು. ಬಣ್ಣದ ಹಂಡೆಯ ಬಳಿಯಿದ್ದ ಈರಣ್ಣ ನೀಲಿ ಕೈಯಲ್ಲೇ ಒಳಗೆ ಓಡಿ ಬಂದು, ಹೆಂಡತಿಯನ್ನು ನೋಡಿದ. ಅವಳದ್ದೇ ಎಂದುಕೊಂಡಿದ್ದ.

ಕಸ್ತೂರಿ ತಲೆಯಾಡಿಸಿ ಅತ್ತೆಯ ಕಡೆ ತೋರಿಸಿದಳು.

*

ಶುಕ್ರವಾರ ಡಯಾಲಿಸಿಸ್‌ಗೆ ಹೋದ ಕಸ್ತೂರಿ ಹಾಸಿಗೆಯ ಮೇಲಿಂದಲೇ ಡಾಕ್ಟರಿಗೆ ಹೇಳಿ ಕಳಿಸಿದಳು. ಡಾಕ್ಟರ್ ರೋಹಿಣಿ ಬಂದರು. ಜೊತೆಗೆ ಮೌಲಾಸಾಬರೂ ಬಂದರು.

"ನಿಮ್ಮ ಕೇಳುಮನಿ ಒಂದ ಹೇಳತೈತಿ, ನಮ್ಮ ಮನಿ ಒಂದ ಹೇಳತೈತ್ರಿ ಬಾಯಾರ," ಎಂದು ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಮನಿ ಡಾಬಿಗೆ ಗಡ್ಡಿ ಹಿಡಿಯೂ ಶಕ್ತಿ ಇಲ್ಲ," ಎಂದರು ಡಾಕ್ಟರ್. "ಆದ್ರ ಜೋಡಿದನಿ, ಒಂಟಿದನಿ ಅದಕ್ಕೂ ತಿಳೀತದ. ಗುರುವಾರ ಅವರು ಏನು ತಿಂದಿದ್ರು?"

"ಅಂಬಲಿ. ಮಜ್ಜಿಗಿ ಎರಡು ಲೋಟ. ಹರವಿಯಾಗಿನ ನೀರು ಬಗ್ಗಿಸಿ ಬಗ್ಗಿಸಿ."

"ಸೋಮವಾರ?"

"ಸೋಮವಾರ ಅವರು ಏನೂ ತಿನ್ನೂದಿಲ್ರಿ. ಹನಿ ನೀರೂ ಮುಟ್ಟೂದಿಲ್ಲ. ನನ್ನ ಸಲುವಾಗಿ ಮಲ್ಲಯ್ಯಗ ಬೇಡಿಕೊಂಡಾರ."

ಮೌಲಾಸಾಬರು ಟೋಪಿ ತೆಗೆದು ತಲೆ ಸವರಿಕೊಂಡರು. "ನಾ ಶಹಬ್ಬಾಸ್ ಅಂದಿದ್ದೆ," ಎಂದರು ಮೆಲ್ಲಗೆ.

ಡಾಕ್ಟರ್ ರೋಹಿಣಿ ಹಾಸಿಗೆಯ ಅಂಚಿನ ಮೇಲೆ ಕೂತುಬಿಟ್ಟರು. ಬಾಯಾರಿದ ಮೈಯಲ್ಲಿ ಮೂತ್ರಪಿಂಡ ಹನಿಹನಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅದರತ್ತ ಹರಿಯುವ ನೆತ್ತರು ಇಳಿಯುತ್ತದೆ. ಒಳಗಿನ ಗೋಪುರಗಳ ತಗ್ಗುದನಿ ಏರಿ ಹೊರಪದರದ ದನಿಯ ಹತ್ತಿರ ಬರುತ್ತದೆ. ರೋಗದಲ್ಲಿ ಕೇಳುವುದೂ ಹೆಚ್ಚುಕಡಿಮೆ ಅದೇ. ಯಂತ್ರಕ್ಕೆ ಸಾವಿರಾರು ಜನರ ಮೂತ್ರಪಿಂಡಗಳನ್ನು ಕೇಳಿಸಿ ಕಲಿಸಿದ್ದರು. ಅವರೆಲ್ಲ ಉಣ್ಣದೆ ಬಂದರೂ ನೀರು ಕುಡಿದು ಬಂದವರು. ವ್ರತ ಹಿಡಿದ ಮೂತ್ರಪಿಂಡದ ದನಿಯನ್ನು ಅದು ಕೇಳಿಯೇ ಇರಲಿಲ್ಲ. ಮೂರು ಸಲ ಕೇಳಿದರೂ ಮೂರೂ ಸಲ ಸೋಮವಾರವೇ ಕೇಳಿದ್ದರು.

"ಹಂಗಾರ ಗಡ್ಡಿ ಸುಳ್ಳೇನ್ರಿ?" ಎಂದಳು ಕಸ್ತೂರಿ.

"ಅದನ್ನ ಇನ್ನೂ ಹೇಳಾಕ ಬರೂದಿಲ್ಲ. ಕೆಲವರಿಗೆ ಎಡಗಡೆ ಕಿಡ್ನಿ ಮ್ಯಾಲ ಹುಟ್ಟಾ ಒಂದು ಉಬ್ಬು ಇರ್ತದ, ಎತ್ತಿನ ಹೆಗಲ ಮ್ಯಾಲ ಹಿಣಿಲು ಇದ್ದಂಗ. ಅದು ರೋಗ ಅಲ್ಲ, ಅದೂ ಕಿಡ್ನಿನ. ಹಿಣಿಲಾಗಿದ್ರ ನೀರು ಕುಡಿದ ಮ್ಯಾಲ ಅದೂ ಉಳಿದದ್ದರ ಕೂಡ ಜೋಡಿದನಿ ಹಾಡಬೇಕು, ನೆತ್ತರು ಅದರೊಳಗ ಸರಳ ಹರೀಬೇಕು. ಗಡ್ಡಿ ಆಗಿದ್ರ ಎಷ್ಟು ನೀರು ಕುಡಿದ್ರೂ ಅದು ಪರರ ಹಂಗ ಬ್ಯಾರೇನ ಗೊಣಗತದ." ಅವರು ಕಸ್ತೂರಿ ಕೈಯ ನಾಳವನ್ನು ಬೆರಳಿಟ್ಟು ನೋಡಿದರು. ನಾಡಿ ತೆಳ್ಳಗಾಗಿತ್ತು, ಆ ನಾಳ ಇನ್ನು ಹೆಚ್ಚು ದಿನ ಬರುವಂತಿರಲಿಲ್ಲ. "ಮಂಡಳಿ ಕೇಳೂದು ಸೋಮವಾರನ. ಆ ದಿನ ಅವರು ನೀರು ಕುಡೀಬೇಕು."

ಡಾಕ್ಟರೇ ಹಂಪವ್ವನಿಗೆ ಫೋನ್ ಮಾಡಿದರು. ಹಂಪವ್ವ ಕೊನೆಯವರೆಗೆ ಕೇಳಿಸಿಕೊಂಡಳು.

"ತಪ್ಪು ತಿಳೀಬ್ಯಾಡ್ರಿ ಬಾಯಾರ. ಮಾತು ಕೊಟ್ಟೀನಿ. ಮಾತು ಮುರದು ಸೊಸಿನ ಉಳಿಸ್ಕೊಂಡ್ರ, ದಿನಾ ಸಂಜಿಗೆ ಯಾವ ಮಾರಿಲೆ ದೀಪಾ ಹಚ್ಚಲಿ? ಅಂವ ನನ್ನ ಮಾತಿನ ಮ್ಯಾಲ ನಂಬಿಗಿ ಇಟ್ಟು ಕುಂತಾನ. ಇಷ್ಟ ದಿನ ಈಕಿ ಉಸಿರು ಹಿಡದಾಂವ ಅಂವ."

ಡಾಕ್ಟರ್ ವಾದಿಸಲಿಲ್ಲ. ಮಂಡಳಿಗೆ ಬೇರೆ ದಿನ ಕೇಳಿ ನೋಡಿದರು, ಆಗಲಿಲ್ಲ. ಕಸ್ತೂರಿಯೂ ಮನೆಗೆ ಬಂದವಳು ಅತ್ತೆಯ ಮುಂದೆ ಆ ಮಾತೆತ್ತಲಿಲ್ಲ. ಅವಳು ಸುಮ್ಮನಿದ್ದುದನ್ನು ಕಂಡು ಈರಣ್ಣನಿಗೆ ಮಾತ್ರ ಸ್ವಲ್ಪ ಭಯವಾಯಿತು.

*

ಸೋಮವಾರ ಬೆಳಿಗ್ಗೆ ಕಸ್ತೂರಿ ತಲೆಗೆ ನೀರು ಹಾಕಿಕೊಂಡು ಮಲ್ಲಯ್ಯನಿಗೆ ಅಭಿಷೇಕಕ್ಕೆ ಕೂತಳು. ಹಂಪವ್ವ ಪಕ್ಕದಲ್ಲಿ ಕೈಮುಗಿದು ನಿಂತಳು. ಒಳ್ಳೆಯ ಕೆಲಸಕ್ಕೆ ಹೊರಟಾಗ ಅಭಿಷೇಕ ಮಾಡುವುದುಂಟು. ಆದರೆ ಕಸ್ತೂರಿ ಒಂದು ತಂಬಿಗೆಗೆ ನಿಲ್ಲಿಸಲಿಲ್ಲ. ಈರಣ್ಣ ಸೇದಿ ತಂದು ಕೊಡುತ್ತಿದ್ದ, ಅವಳು ಬಿಲ್ವದೆಲೆಯಿಟ್ಟು ಎರೆಯುತ್ತಿದ್ದಳು, ಲಿಂಗದ ಮೈ ತೊಳೆದು ಇಳಿದ ನೀರನ್ನೆಲ್ಲ ತಾಮ್ರದ ಕೊಡದಲ್ಲಿ ಹಿಡಿಯುತ್ತಿದ್ದಳು. ಕೊಡ ತುಂಬಿತು.

"ಇಷ್ಟ ಯಾಕವ್ವಾ?" ಎಂದಳು ಹಂಪವ್ವ.

"ದಾರ್ಯಾಗ ಬೇಕಾಗತೈತ್ರಿ," ಎಂದಳು ಕಸ್ತೂರಿ, ಕೊಡದ ಬಾಯಿಗೆ ಹೊಸ ಖಣ ಕಟ್ಟುತ್ತ.

ಕೇಳುಮನೆಯಲ್ಲಿ ಮಂಡಳಿಯ ಹಿರಿಯರು ಕೂತಿದ್ದರು. ಹಂಪವ್ವನಿಗೆ ಡಾಬು ಕಟ್ಟಿದರು. ಅದು ಹಳೆಯದನ್ನೇ ಹೇಳಿತು: ಅಂಟಿಕೊಂಡ ದನಿ, ನಿಂತು ನಿಂತು ಹರಿಯುವ ನೆತ್ತರು, ಉಬ್ಬಿನಲ್ಲಿ ಗೊಣಗು. ಕೆಂಪು ದೀಪ. ಹಿರಿಯ ವೈದ್ಯರೊಬ್ಬರು ಕನ್ನಡಕ ತೆಗೆದು ಮಡಚಿದರು.

"ಇನ್ನೊಂದು ತಾಸು ಕೂತು ಕೇಳಬೇಕು," ಎಂದರು ಡಾಕ್ಟರ್ ರೋಹಿಣಿ. ಕಾರಣವನ್ನೂ ಹೇಳಿದರು. ಆದರೆ ಕಣ್ಣಲ್ಲಿ ಭರವಸೆ ಇರಲಿಲ್ಲ. ನೀರು ಕುಡಿಸುವ ದಾರಿ ಅವರಿಗೆ ಗೊತ್ತಿರಲಿಲ್ಲ.

ಆಗ ಬಾಗಿಲಲ್ಲಿ ಈರಣ್ಣ ಕೊಡ ಇಳಿಸಿದ. ಕಸ್ತೂರಿ ತಂಬಿಗೆ ಅದ್ದಿ ತಂದು ಅತ್ತೆಯ ಮಗ್ಗುಲಲ್ಲಿ ನಿಂತಳು.

"ಅತ್ತಿ, ಕೈ ಹಿಡೀರಿ. ಮಲ್ಲಯ್ಯನ ತೀರ್ಥ."

ಹಂಪವ್ವ ಎದ್ದು ಕೂತು ಬಲಗೈ ಗೋಕರ್ಣ ಮಾಡಿ ಒಡ್ಡಿದಳು. ತೀರ್ಥ ಎಂದರೆ ಕೈ ತಾನಾಗಿ ಮುಂದೆ ಬರುತ್ತದೆ. ಉಪವಾಸವಿರಲಿ, ಜ್ವರವಿರಲಿ, ಬೇಡವೆಂದವರನ್ನು ಅವಳು ಕಂಡಿಲ್ಲ. ಕುಡಿದು ಕೈಯನ್ನು ಕಣ್ಣಿಗೆ, ನೆತ್ತಿಗೆ ಸವರಿಕೊಂಡಳು. ಎರಡನೆಯ ಸಲ. ಮೂರನೆಯ ಸಲ.

"ಇನ್ನೊಮ್ಮೆ," ಎಂದಳು ಕಸ್ತೂರಿ.

"ಮೂರಾತಲ್ಲ?"

"ಮೂರು ಅನ್ನೂದು ಪೂಜಾರಿ ಲೆಕ್ಕರಿ, ಎಲ್ಲಾರಿಗೂ ಸಾಲಲಿ ಅಂತ. ಮಲ್ಲಯ್ಯ ಅಳತಿ ಮಾಡಿ ಕೊಡ್ತಾನೇನು?"

ಹಂಪವ್ವ ಕೊಡದ ಕಡೆ ನೋಡಿದಳು, ಸೊಸೆಯನ್ನು ನೋಡಿದಳು. ಅವಳಿಗೆ ಎಲ್ಲವೂ ಹೊಳೆಯಿತು.

"ಏ ಹುಡುಗಿ, ಇದು ಮೋಸ."

"ತೀರ್ಥ ನೀರಲ್ಲ ಅಂತ ಹೇಳಿಕೊಟ್ಟಾಕಿ ನೀವು. ಉಪಾಸ ಕೆಡೂದಿಲ್ಲ ಅಂದಾಕಿ ನೀವು. ನೆಲಕ್ಕ ಒಂದು ಹನಿ ಬಿದ್ರ ಪಾಪ ಅಂತ ನನ್ನ ಕೈ ಮ್ಯಾಲ ಹೊಡದಾಕಿನೂ ನೀವ." ಕಸ್ತೂರಿಯ ದನಿ ಅಲ್ಲಿಯವರೆಗೆ ನಗುತ್ತಿತ್ತು. ಈಗ ನಗು ನಿಂತಿತು. "ನನಗ ನೀರು ಅಳತ್ಯಾಗ ಕೊಡ್ತಾರ ಅತ್ತಿ. ದಿನಕ್ಕ ಒಂದು ತಂಬಿಗಿ. ಇದು ನಾ ಕುಡಿಯೂಹಂಗಿಲ್ಲ. ತುಂಬಿದ ಕೊಡ ತಂದೀನಿ. ಚೆಲ್ಲಲೇನು?"

ಹಂಪವ್ವ ಸೊಸೆಯ ಒಣಗಿದ ತುಟಿಯನ್ನು, ಸೂಜಿಯ ಗುರುತು ತುಂಬಿದ ಕೈಯನ್ನು ನೋಡಿದಳು. ಆಮೇಲೆ ಅವಳ ಮುಖದಲ್ಲಿ ನಗು ಬಂತು, ಮಗ್ಗದಲ್ಲಿ ಕಡಿದ ಎಳೆ ಸಿಕ್ಕಾಗ ಬರುವಂಥದು.

"ಮಲ್ಲಯ್ಯಾ, ನಿನ್ನ ಮೈ ತೊಳೆದದ್ದು. ಬ್ಯಾಡ ಅನ್ನಾಕ ನಾ ಯಾರು?" ಎಂದು ತಂಬಿಗೆಯನ್ನೇ ಇಸಿದುಕೊಂಡಳು.

ಕುಡಿದಳು. ಮತ್ತೆ ಕುಡಿದಳು. ಮೌಲಾಸಾಬರು ತಾವೇ ಎದ್ದು ಹೋಗಿ ಕೊಡವನ್ನು ಹತ್ತಿರ ತಂದಿಟ್ಟರು. ಕುಡಿದಾದ ಮೇಲೆ ಹಂಪವ್ವ ಮತ್ತೆ ಮಲಗಿ ಕಣ್ಣು ಮುಚ್ಚಿದಳು. ತುಟಿ ಮಾತ್ರ ಶಿವಾಯ ಶಿವಾಯ ಎನ್ನುತ್ತಿದ್ದವು. ಎಲ್ಲರೂ ಕಾದರು.

ಮೊದಲು ಕೇಳಿಸಿದ್ದು ಹರಿವು. ನಿಂತು ನಿಂತು ಬರುತ್ತಿದ್ದ ಝುಳುಝುಳು ಒಂದಕ್ಕೊಂದು ಕೂಡಿಕೊಂಡಿತು. ಮೌಲಾಸಾಬರು ಬೆರಳೆತ್ತಿದರು. ಸ್ವಲ್ಪ ಹೊತ್ತಾದ ಮೇಲೆ ಅಂಟಿಕೊಂಡಿದ್ದ ದನಿ ಎರಡಾಗಿ ಬಿಡತೊಡಗಿತು, ನೀರಲ್ಲಿ ನೆನೆದ ನೂಲಿನ ಎಳೆಗಳು ಬಿಡುವ ಹಾಗೆ. ಒಂದು ಮೇಲೆ ನಿಂತಿತು, ಒಂದು ಕೆಳಗೆ ಇಳಿಯಿತು. ನಡುವೆ ಎಡೆ ತೆರೆಯಿತು. ಗುರುವಾರ ಮನೆ ತುಂಬಿದ್ದ ಜೋಡಿದನಿ ಇಲ್ಲಿ ನೂರು ಪಾಲು ತುಂಬಿಕೊಂಡು ಬಂತು.

ಆದರೆ ಡಾಕ್ಟರ್ ರೋಹಿಣಿ ಕಾಯುತ್ತಿದ್ದುದು ಅದಕ್ಕಲ್ಲ. ಅವರು ಡಾಬಿನ ಹರಳುಗಳನ್ನು ಎಡ ಮಗ್ಗುಲಿನ ಉಬ್ಬಿನ ಮೇಲೆ ನಿಲ್ಲಿಸಿದರು.

ಉಬ್ಬು ಗೊಣಗಲಿಲ್ಲ. ಉಳಿದವರು ಎತ್ತಿಕೊಂಡ ಸೊಲ್ಲನ್ನೇ ತಾನೂ ಎತ್ತಿಕೊಂಡಿತು. ಅದೇ ಮೇಲುದನಿ, ಅದೇ ತಗ್ಗುದನಿ, ಸ್ವಲ್ಪ ದಪ್ಪ ಕೊರಳು ಅಷ್ಟೇ. ನೆತ್ತರು ಎಲ್ಲಿಯೂ ಸುತ್ತಿ ಬಳಸದೆ ಅದರೊಳಗೆ ನೆಟ್ಟಗೆ ಹರಿದು ಹೋಗುತ್ತಿತ್ತು. ಬೇರೆ ಮನೆಯಿಂದ ಬಂದು ಸೇರಿಕೊಂಡದ್ದಲ್ಲ ಅದು. ಆ ಮನೆಯಲ್ಲೇ ಹುಟ್ಟಿದ್ದು. ಕಡೆಗೆ ಯಂತ್ರವೂ ಹಸಿರು ದೀಪ ಹಚ್ಚಿತು. ಅದನ್ನು ಯಾರೂ ತಿರುಗಿ ನೋಡಲಿಲ್ಲ.

ಹಿರಿಯ ವೈದ್ಯರು ಮಡಚಿದ ಕನ್ನಡಕ ಬಿಚ್ಚಿ ಮತ್ತೆ ಹಾಕಿಕೊಂಡರು. "ಇನ್ನೊಮ್ಮೆ ಕೇಳಸ್ರಿ," ಎಂದರು. ಕೇಳಿ, ಪಕ್ಕದವರ ಮುಖ ನೋಡಿ, "ಒಳ್ಳೇ ಕಿಡ್ನಿ. ಭಾಳ ಒಳ್ಳೇ ಕಿಡ್ನಿ," ಎಂದರು.

"ಹಿಣಿಲು," ಎಂದರು ಡಾಕ್ಟರ್ ರೋಹಿಣಿ. ಅವರ ಕಣ್ಣು ತುಂಬಿದ್ದವು. "ಗಡ್ಡಿ ಅಲ್ಲ ಹಂಪವ್ವಾರ. ಎತ್ತಿನ ಹಿಣಿಲು."

"ಎತ್ತು ಯಾಕ್ರಿ, ಬಸವಣ್ಣ ಅನ್ರಿ," ಎಂದಳು ಹಂಪವ್ವ ಮಲಗಿದಲ್ಲಿಂದಲೇ. "ನನ್ನೊಳಗ ನಂದಿ ಕುಂತಾನ, ಸೋಮವಾರ ಅವಂಗ ನಾನ ನೀರು ಕುಡಿಸಿರಲಿಲ್ಲ. ಗೊಣಗದ ಏನ ಮಾಡ್ಯಾನು?" ಪಟ್ಟಿಯ ಅಂಚನ್ನು ಅವಳು ಸವರಿದಳು. "ನನ್ನ ಅರಿಬಿ ಚಾಡಿ ಹೇಳಿರಲಿಲ್ಲ. ನೀರಡಿಸ್ಯಾಳ, ನೀರಡಿಸ್ಯಾಳ ಅಂತ ಹೇಳತಿತ್ತು. ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ."

*

ಹಂಪವ್ವನ ಎಡಗಡೆಯ ಮೂತ್ರಪಿಂಡದ ಕಸಿ ಆಯಿತು. ಹೊಸ ಮೂತ್ರಪಿಂಡವನ್ನು ಹಳೆಯವುಗಳ ಜಾಗದಲ್ಲಿ ಇಡುವುದಿಲ್ಲ, ಕಿಬ್ಬೊಟ್ಟೆಯ ಒಂದು ಮಗ್ಗುಲಲ್ಲಿ ಇಡುತ್ತಾರೆ. ಅದಕ್ಕೆಂದು ಹಂಪವ್ವ, ಗಾಯ ಮಾಯ್ದು ಮಗ್ಗದಲ್ಲಿ ಕೂರಲು ಅಪ್ಪಣೆ ಸಿಕ್ಕ ಮೇಲೆ, ಇಳಿಸಿ ಕಟ್ಟಿಕೊಳ್ಳುವ ಓರೆಯ ಪಟ್ಟಿಯೊಂದನ್ನು ನೇಯ್ದಳು. ಬಿಲ್ವದೆಲೆಯ ಪಕ್ಕ ಈ ಸಲ ಒಂದು ಪುಟ್ಟ ಬಸವ. ಈಗ ಕಸಿ ಮಾಡಿಸಿಕೊಂಡವರೆಲ್ಲ ಅಂಥದನ್ನೇ ಕಟ್ಟುತ್ತಾರೆ. ಬಸವ ಯಾಕೆಂದು ಕೇಳಿದರೆ ಬೆಣಚುಮಟ್ಟಿಯವರು ಈ ಕತೆ ಹೇಳುತ್ತಾರೆ. ಕೇಳುಮನೆಯ ಬಾಗಿಲಲ್ಲಿ ತುಂಬಿದ ಹರವಿ ಇಟ್ಟು, ಒಳಗೆ ಬರುವ ಮುಂಚೆ "ನೀರು ಕುಡದೀರೇನು, ಇವತ್ತ ಯಾವ ದೇವರ ವಾರ?" ಎಂದು ಕೇಳುವ ಪದ್ಧತಿ ಹಾಕಿದವರು ಮೌಲಾಸಾಬರು.

ಕಸ್ತೂರಿ ಆಸ್ಪತ್ರೆಯಿಂದ ಬಂದ ದಿನ ಓಣಿಯ ಹೆಂಗಸರು ಅಂಗಳದ ತನಕ ತುಂಬಿದ್ದರು. ದೀಪ ಹಚ್ಚಿ, ಹಳೆಯ ಡಾಬನ್ನೇ ಕಿಬ್ಬೊಟ್ಟೆಗೆ ಇಳಿಸಿ ಕಟ್ಟಿದರು. ಜೋಡಿದನಿ ಬಂತು. ಮೂತ್ರಪಿಂಡ ಈಗ ಚರ್ಮದ ಹತ್ತಿರವೇ ಇದ್ದುದರಿಂದ ಉಬ್ಬಿನ ದನಿಯೂ ಮನೆಯ ಡಾಬಿಗೆ ನಿಲುಕಿತು. ಹಂಪವ್ವ ನಡುಮನೆಯಲ್ಲಿ ರಾಣಿಯ ಹಾಗೆ ಕೂತು, "ಸ್ವಲ್ಪ ಎಡಕ್ಕ ಸರಸು. ಹಾಂ, ಈಗ ಕೇಳ್ರಿ, ಆ ದಪ್ಪ ಕೊರಳು ಐತಲ್ಲ, ಅದು ನಮ್ಮ ಬಸವಣ್ಣ," ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದಳು. ಕೇಳಿದವರಿಗೇ ಮತ್ತೆ ಕೇಳಿಸಿದಳು. ಸಂಕೋಚ ಎಂಬುದೇ ಇರಲಿಲ್ಲ.

ಹರಕೆ ತೀರಿತ್ತು. ಮರುದಿನ ಸೋಮವಾರ. ಮಧ್ಯಾಹ್ನ ಉಣ್ಣಲು ಕೂತಾಗ ಕಸ್ತೂರಿ ತುಂಬಿದ ತಂಬಿಗೆಯೆತ್ತಿ, ಅಳತೆ ಮಾಡದೆ, ಗಟಗಟನೆ ಕುಡಿದಳು. ಹಂಪವ್ವ ತುತ್ತು ಕೈಯಲ್ಲೇ ಹಿಡಿದು ಅದನ್ನು ಕೊನೆಯ ಗುಟುಕಿನವರೆಗೆ ನೋಡಿದಳು. ಆಮೇಲೆ ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

"ಪಲ್ಯಾಕ ಉಪ್ಪು ಹೆಚ್ಚಾತು."

"ಹಂಗಾರ ತಿರುಗಿ ಕೊಡಲೇನ್ರಿ?" ಎಂದಳು ಕಸ್ತೂರಿ, ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು.

"ಬ್ಯಾಡ," ಎಂದಳು ಹಂಪವ್ವ, ಇನ್ನೊಂದು ತುತ್ತು ಕಲಸುತ್ತ. "ಅಲ್ಲೇ ಇರಲಿ. ನನ್ನ ಹಂತ್ಯಾಕ ಇದ್ದಾಗ ಇಷ್ಟ ಚಂದ ಹಾಡಿರಲಿಲ್ಲ ಅದು."